ಅನ್ನದಿಂದ ಕೈಕಾಲಿಗೆ ಬಲ ಬರುವ ದಾರಿ: ಎಟಿಪಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದ ಕಡೆಯ ಒಂದು ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಹೇಳಿಕೊಡುತ್ತೇನೆ. ಜೀವಕೋಶ ಶಕ್ತಿಯನ್ನು ಎಲ್ಲಿಡುತ್ತದೆ, ಹೇಗೆ ಸಾಗಿಸುತ್ತದೆ ಅನ್ನುವ ಪಾಠ ಬಂದಾಗ ಪ್ರತಿ ವರ್ಷ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಕೆಲವು ಮಕ್ಕಳದ್ದು, ಕೆಲವು ಅವರ ಅಪ್ಪ ಅಮ್ಮಂದಿರದ್ದು, ಒಂದೆರಡು ಮದುವೆಮನೆ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದ್ದು. ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಸಾಲಾಗಿ ಓದಬೇಕೆಂದೇನಿಲ್ಲ. ಲಿಂಗನಮಕ್ಕಿಯ ಪ್ರಶ್ನೆಯನ್ನು ಮಾತ್ರ ಹಾರಿಸಬೇಡಿ.

ಎಟಿಪಿ ಅಂದ್ರೆ ಏನು ಸಾರ್?

ಒಂದು ಸಣ್ಣ ಅಣು. ಪೂರ್ತಿ ಹೆಸರು ಅಡೆನೋಸಿನ್ ಟ್ರೈಫಾಸ್ಫೇಟ್. ಅಡೆನೋಸಿನ್ ಅನ್ನುವುದು ತಲೆ, ಅದಕ್ಕೆ ಬಾಲದ ಹಾಗೆ ಸಾಲಾಗಿ ಮೂರು ಫಾಸ್ಫೇಟ್. ತುದಿಯ ಫಾಸ್ಫೇಟ್ ಕಳಚಿದರೆ ಉಳಿಯುವುದು ಎಡಿಪಿ, ಎರಡು ಫಾಸ್ಫೇಟ್ ಇರುವ ಅಣು. ಹಾಗೆ ಕಳಚುವಾಗ ಕೋಶದ ಕೆಲಸ ಆಗುತ್ತದೆ. ಊಟದಿಂದ ಬಂದ ಶಕ್ತಿ ಹಾಕಿ ಎಡಿಪಿಗೆ ಮತ್ತೆ ಫಾಸ್ಫೇಟ್ ಅಂಟಿಸಿದರೆ ಎಟಿಪಿ ತಯಾರು. ಮೊಸರಿನ ಬ್ಯಾಕ್ಟೀರಿಯದಲ್ಲೂ, ಅಡಿಕೆ ಮರದಲ್ಲೂ, ಕಾಲಿಗೆ ಹತ್ತುವ ಉಂಬಳದಲ್ಲೂ, ಅದನ್ನು ಕಿತ್ತು ಎಸೆಯುವ ನಮ್ಮ ಬೆರಳಿನಲ್ಲೂ ಇದೇ ಅಣು.

ಶಕ್ತಿ ಇರೋದು ಅನ್ನದಲ್ಲಿ. ನಡುವೆ ಈ ಎಟಿಪಿ ಯಾಕೆ ಬೇಕು?

ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸು ಹತ್ತಿ ಆನಂದಪುರಕ್ಕೆ ಟಿಕೆಟ್ ಕೇಳಿ, 500ರ ನೋಟು ಕೊಟ್ಟು ನೋಡಿ. ಕಂಡಕ್ಟರ್ ಏನು ಹೇಳುತ್ತಾರೆ ಅಂತ ನಾನು ಬರೆಯಬೇಕಿಲ್ಲ.

ಗ್ಲೂಕೋಸ್ ಆ 500ರ ನೋಟು. ಒಂದು ಗ್ಲೂಕೋಸ್ ಅಣುವಿನಲ್ಲಿರುವ ಶಕ್ತಿ ಒಂದು ಎಟಿಪಿ ಕೊಡುವುದಕ್ಕಿಂತ 50 ಪಟ್ಟಿಗೂ ಜಾಸ್ತಿ. ಕೋಶದ ಒಳಗಿನ ಒಂದೊಂದು ಕೆಲಸಕ್ಕೆ ಅಷ್ಟು ಬೇಡ. ಒಂದು ಉಪ್ಪಿನ ಕಣವನ್ನು ಆಚೆ ದೂಡಬೇಕು, ಒಂದು ಪ್ರೋಟೀನಿಗೆ ಒಂದು ಮಣಿ ಪೋಣಿಸಬೇಕು. ಅದಕ್ಕೆ ಚಿಲ್ಲರೆ ಬೇಕು. ಎಟಿಪಿ ಚಿಲ್ಲರೆ.

ಇದನ್ನೇ ಮುಂದುವರಿಸಿದರೆ ಕೊಬ್ಬು ಅಂದರೆ ಅಟ್ಟದಲ್ಲಿ ಚೀಲ ಕಟ್ಟಿಟ್ಟ ಅಡಿಕೆ. ಬೆಲೆ ಇದೆ, ಆದರೆ ಮಂಡಿಗೆ ಹೋಗಿ ದುಡ್ಡಾಗಿ ಬರುವ ತನಕ ಅದನ್ನು ಕೊಟ್ಟು ಒಂದು ಕಾಫಿ ಕುಡಿಯೋಕೂ ಆಗಲ್ಲ. ಗ್ಲೈಕೋಜನ್, ಅಂದರೆ ಮೈಯಲ್ಲಿ ಕೂಡಿಟ್ಟ ಗ್ಲೂಕೋಸ್ ಸರಪಳಿ, ಮನೆಯ ಡಬ್ಬಿಯಲ್ಲಿಟ್ಟ ದುಡ್ಡು, ಎಟಿಪಿ ಅಂಗಿ ಜೇಬಿನಲ್ಲಿರುವುದು.

ಹೋಲಿಕೆ ಚೆನ್ನಾಗಿದೆ, ಆದರೆ ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಇಲ್ಲ. ದುಡ್ಡನ್ನು ಎಷ್ಟು ವರ್ಷ ಬೇಕಾದರೂ ಕೂಡಿಡಬಹುದು. ಎಟಿಪಿಯನ್ನು ಯಾವ ಕೋಶವೂ ಕೂಡಿಡುವುದಿಲ್ಲ. ಅದು ಬಂದ ಹಾಗೆ ಹೋಗುತ್ತಿರಬೇಕು.

ಸಕ್ಕರೆ ಒಲೆಯಲ್ಲೂ ಉರಿಯುತ್ತೆ. ಮೈಯೊಳಗೆ ಉರಿಯೋದು ಬೇರೆ ಏನು?

ಮಾಘದ ಹೊತ್ತಿಗೆ ಯಾವುದಾದರೂ ಆಲೆಮನೆಗೆ ಹೋದರೆ ಕೊಪ್ಪರಿಗೆಯ ಅಡಿಗೆ ಕಬ್ಬಿನ ಸಿಪ್ಪೆ ಹಾಕಿ ಉರಿಸುವುದನ್ನು ನೋಡಬಹುದು. ಸಿಪ್ಪೆಯೂ ಸಕ್ಕರೆಯ ಕೊಂಡಿಗಳಿಂದಲೇ ಆದದ್ದು. ಭರ್ರೆಂದು ಉರಿಯುತ್ತದೆ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಆಗಿ ಹೋಗುತ್ತದೆ, ಶಕ್ತಿಯೆಲ್ಲ ಒಂದೇ ಸಲ ಬಿಸಿಯಾಗಿ ಬರುತ್ತದೆ. ಕೊಪ್ಪರಿಗೆಯಿಂದ ಇಳಿಸಿದ ಜೋನಿ ಬೆಲ್ಲವನ್ನು ನೀವು ದೋಸೆ ಜೊತೆ ತಿಂದರೂ ಕೊನೆಗೆ ಆಗುವುದು ಅದೇ ಇಂಗಾಲದ ಡೈಆಕ್ಸೈಡ್, ಅದೇ ನೀರು. ಒಟ್ಟು ಬರುವ ಶಕ್ತಿಯೂ ಅಷ್ಟೇ, ಒಂದು ಗ್ರಾಂ ಸಕ್ಕರೆಗೆ ಸುಮಾರು 4 ಕಿಲೋ ಕ್ಯಾಲರಿ.

ದಾರಿ ಮಾತ್ರ ಬೇರೆ. ಜೋಗದ ತಲೆಯಿಂದ ಬುಡಕ್ಕೆ ಹೋಗಲು ಎರಡು ದಾರಿ ಉಂಟು. ರಾಜನ ಜೊತೆ 253 ಮೀಟರ್ ಒಂದೇ ಸಲ ಬೀಳಬಹುದು. ಇಲ್ಲ ಮೆಟ್ಟಿಲು ಇಳಿದುಕೊಂಡು, ನಡುವೆ ಕೂತು ಸುಧಾರಿಸಿಕೊಂಡು ಹೋಗಬಹುದು. ಇಳಿದ ಎತ್ತರ ಒಂದೇ. ಕೋಶ ಮೆಟ್ಟಿಲ ದಾರಿ ಹಿಡಿಯುತ್ತದೆ. ಮೊದಲು 10 ಹೆಜ್ಜೆಗಳಲ್ಲಿ ಗ್ಲೂಕೋಸನ್ನು ಎರಡು ತುಂಡು ಮಾಡುತ್ತದೆ, ಇದಕ್ಕೆ ಗ್ಲೈಕೋಲಿಸಿಸ್ ಅಂತ ಹೆಸರು. ಆಮೇಲೆ ಮೈಟೊಕಾಂಡ್ರಿಯ ಅನ್ನುವ, ಕೋಶದೊಳಗಿನ ಪುಟ್ಟ ಚೀಲಗಳ ಒಳಗೆ, ಉಳಿದದ್ದನ್ನು ಒಡೆಯುವ ಕ್ರೆಬ್ಸ್ ಚಕ್ರ. ಹನ್ಸ್ ಕ್ರೆಬ್ಸ್ ಇದನ್ನು ಬಿಡಿಸಿದ್ದು 1937ರಲ್ಲಿ. ಪ್ರತಿ ಮೆಟ್ಟಿಲಲ್ಲೂ ಒಂದೊಂದು ಕಿಣ್ವ (ಕೆಲಸ ಬೇಗ ಮಾಡಿಸುವ ಪ್ರೋಟೀನ್) ಕಾದು ಕೂತಿರುತ್ತದೆ, ಕೆಲವು ಮೆಟ್ಟಿಲುಗಳಲ್ಲಿ ಸ್ವಲ್ಪ ಸ್ವಲ್ಪ ಶಕ್ತಿಯನ್ನು ಹಿಡಿದುಕೊಳ್ಳುತ್ತದೆ.

"ಫಾಸ್ಫೇಟ್ ಬಂಧ ಮುರಿದಾಗ ಶಕ್ತಿ ಬಿಡುಗಡೆ ಆಗುತ್ತೆ" ಅಂತ ಬರೀತೀವಿ. ಆದ್ರೆ ರಸಾಯನಶಾಸ್ತ್ರದ ಸಾರ್ ಬಂಧ ಮುರಿಯೋಕೆ ಶಕ್ತಿ ಕೊಡಬೇಕು ಅಂತಾರೆ. ಯಾರು ಸರಿ?

ರಸಾಯನಶಾಸ್ತ್ರದವರು ಸರಿ. ಈ ಪ್ರಶ್ನೆ ಕೇಳಿದ ಹುಡುಗಿಗೆ ನಾನು ಮೊದಲ ವರ್ಷ ಸರಿಯಾಗಿ ಉತ್ತರ ಕೊಡಲಿಲ್ಲ, "ಪುಸ್ತಕದಲ್ಲಿ ಇರೋ ಹಾಗೆ ಬರಿ" ಅಂದುಬಿಟ್ಟೆ. ಆಮೇಲೆ ಬಹಳ ದಿನ ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಯಾವ ಬಂಧವನ್ನು ಮುರಿಯಲೂ ಶಕ್ತಿ ಕೊಡಲೇಬೇಕು. ಎಟಿಪಿಯ ತುದಿಯ ಬಂಧಕ್ಕೂ ಇದೇ ನಿಯಮ. ಆದರೆ ಅದು ಮುರಿದ ಕೂಡಲೇ ಹೊಸ ಬಂಧಗಳು ಕಟ್ಟಿಕೊಳ್ಳುತ್ತವೆ. ಬಿಡಿಯಾದ ಫಾಸ್ಫೇಟಿಗೆ ನೀರು ಅಂಟಿಕೊಳ್ಳುತ್ತದೆ. ಅದರ ಎಲೆಕ್ಟ್ರಾನ್‌ಗಳಿಗೆ ಹರಡಿಕೊಳ್ಳಲು ಜಾಗ ಸಿಗುತ್ತದೆ. ಎಟಿಪಿಯ ಬಾಲದಲ್ಲಿ ಋಣ ವಿದ್ಯುದಂಶಗಳು ಒತ್ತೊತ್ತಾಗಿ ಕೂತು ಒಂದನ್ನೊಂದು ದೂಡುತ್ತಿದ್ದವು, ಆ ಒತ್ತಡ ಇಳಿಯುತ್ತದೆ. ಮುರಿಯಲು ಕೊಟ್ಟಿದ್ದಕ್ಕಿಂತ ಕಟ್ಟಿಕೊಂಡಾಗ ಬಂದದ್ದು ಜಾಸ್ತಿ. ಆ ಉಳಿಕೆಯೇ ನಮ್ಮ ಲಾಭ. ಲೆಕ್ಕದ ಪುಸ್ತಕದಲ್ಲಿ ಅದು ಒಂದು ಮೋಲಿಗೆ (ಅಣುಗಳನ್ನು ಎಣಿಸುವ ಒಂದು ಅಳತೆ) 7.3 ಕಿಲೋ ಕ್ಯಾಲರಿ ಅಂತ ಇರುತ್ತದೆ.

ಆದರೆ ಇದೂ ಅರ್ಧ ಉತ್ತರ. ಒಂದು ಲೋಟ ನೀರಿನಲ್ಲಿ ಎಟಿಪಿಯನ್ನು ಬಿಟ್ಟು, ಎಷ್ಟು ಮುರಿಯಬೇಕೋ ಅಷ್ಟು ಮುರಿದು ಸುಮ್ಮನಾಗುವ ತನಕ ಕಾದರೆ, ಉಳಿಯುವುದು ಹೆಚ್ಚುಕಡಿಮೆ ಎಲ್ಲವೂ ಎಡಿಪಿ. ಆ ಲೋಟದಿಂದ ಯಾವ ಕೆಲಸವೂ ಆಗುವುದಿಲ್ಲ. ಬದುಕಿರುವ ಕೋಶದಲ್ಲಿ ಎಟಿಪಿಯೇ ಜಾಸ್ತಿ, ಎಡಿಪಿ ಕಡಿಮೆ. ಆ ಸುಮ್ಮನಾದ ಲೋಟಕ್ಕೆ ಹೋಲಿಸಿದರೆ ಕೋಶದಲ್ಲಿ ಎಡಿಪಿಯ ಎದುರಿಗೆ ಎಟಿಪಿಯ ಪಾಲು ಕೋಟಿಗಟ್ಟಲೆ ಪಟ್ಟು ಹೆಚ್ಚು. ಕೋಶ ಉಸಿರು ಬಿಗಿಹಿಡಿದು ಆ ಅಂತರವನ್ನು ಕಾಯ್ದುಕೊಂಡು ಬಂದಿರುತ್ತದೆ. ಕೆಲಸ ಮಾಡುವುದು ಆ ಅಂತರ. ಹಾಗಾಗಿ ಕೋಶದೊಳಗೆ ಅದೇ ಎಟಿಪಿ ಕೊಡುವುದು 7.3 ಅಲ್ಲ, ಹತ್ತಿರ ಹತ್ತಿರ 12 ಕಿಲೋ ಕ್ಯಾಲರಿ.

ಪರೀಕ್ಷೆಯಲ್ಲಿ ಪುಸ್ತಕದ ವಾಕ್ಯ ಬರೆಯಿರಿ. ಮನಸ್ಸಿನಲ್ಲಿ ಇದನ್ನು ಇಟ್ಟುಕೊಳ್ಳಿ.

ಮೈಟೊಕಾಂಡ್ರಿಯದ ಒಳಗೆ ನಿಜವಾಗಿ ಏನು ನಡೆಯುತ್ತೆ? ಪುಸ್ತಕದ ಚಿತ್ರ ನೋಡಿದ್ರೆ ತಲೆ ತಿರುಗುತ್ತೆ.

ಚಿತ್ರ ಪಕ್ಕಕ್ಕಿಡಿ. ಲಿಂಗನಮಕ್ಕಿಯನ್ನು ನೋಡಿದ್ದೀರಲ್ವಾ?

ಅಣೆಕಟ್ಟಿನ ಹಿಂದೆ ಶರಾವತಿ ನಿಂತಿದೆ. ನೀರು ಕಾಲುವೆಯಲ್ಲಿ ತಳಕಳಲೆಯ ಸಣ್ಣ ಜಲಾಶಯಕ್ಕೆ ಬಂದು, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಕೆಳಗಿನ ವಿದ್ಯುದಾಗಾರಕ್ಕೆ ಧುಮುಕುತ್ತದೆ. ಟರ್ಬೈನ್ ತಿರುಗುತ್ತದೆ, ಕರೆಂಟ್ ಬರುತ್ತದೆ. ಅಲ್ಲಿರುವ 10 ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವ್ಯಾಟ್. ಗಮನಿಸಿ, ನೀರು ಖರ್ಚಾಗಲಿಲ್ಲ. ಮೇಲಿದ್ದದ್ದು ಕೆಳಗೆ ಹೋಯಿತು ಅಷ್ಟೇ. ಶಕ್ತಿ ಇದ್ದದ್ದು ಮಟ್ಟದ ವ್ಯತ್ಯಾಸದಲ್ಲಿ.

ಮೈಟೊಕಾಂಡ್ರಿಯಕ್ಕೆ ಎರಡು ಪೊರೆ. ಒಳಪೊರೆಯೇ ಅಣೆಕಟ್ಟು. ನೀರಿನ ಜಾಗದಲ್ಲಿ ಇರುವುದು ಪ್ರೋಟಾನ್, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್. ಒಳಪೊರೆಯ ಹೊರಬದಿಗೆ ಪ್ರೋಟಾನ್‌ಗಳ ದಂಡು ಸೇರಿರುತ್ತದೆ, ಒಳಗೆ ಕಡಿಮೆ. ಪೊರೆಯಲ್ಲಿ ಅಲ್ಲಲ್ಲಿ ಒಂದು ಯಂತ್ರ ಕೂತಿದೆ, ಹೆಸರು ಎಟಿಪಿ ಸಿಂಥೇಸ್. ಪ್ರೋಟಾನ್‌ಗಳು ಅದರ ಮೂಲಕ ಒಳಗೆ ನುಗ್ಗುವಾಗ ಅದು ತಿರುಗುತ್ತದೆ. ತಿರುಗಿದಾಗ ಎಡಿಪಿಗೆ ಫಾಸ್ಫೇಟ್ ಅಂಟುತ್ತದೆ.

ಈಗ ಹೋಲಿಕೆ ಎಲ್ಲಿ ತಪ್ಪುತ್ತದೆ ಅಂತಲೂ ಹೇಳಬೇಕು. ಲಿಂಗನಮಕ್ಕಿಯನ್ನು ತುಂಬುವುದು ಮಳೆ. ಮೈಟೊಕಾಂಡ್ರಿಯದಲ್ಲಿ ಮಳೆ ಇಲ್ಲ, ಪ್ರೋಟಾನ್‌ಗಳನ್ನು ಪಂಪ್ ಹೊಡೆದು ಆಚೆ ಹಾಕಬೇಕು. ಈಗ ಶರಾವತಿ ಕಣಿವೆಯಲ್ಲಿ ಪಂಪ್ಡ್ ಸ್ಟೋರೇಜ್ ಬಗ್ಗೆ ಪರ ವಿರೋಧ ಮಾತು ನಡೆದಿದೆಯಲ್ಲ, ತಳಕಳಲೆಯಿಂದ ಗೇರುಸೊಪ್ಪೆಗೆ ನೀರು ಇಳಿಸುವುದು, ಮತ್ತೆ ಗೇರುಸೊಪ್ಪೆಯಿಂದ ಮೇಲಕ್ಕೆ ಎತ್ತುವುದು. ಕಾಡಿನ ಲೆಕ್ಕ ಬೇರೆ ಮಾತು, ಅದನ್ನು ಇಲ್ಲಿ ಎಳೆಯುವುದಿಲ್ಲ. ತತ್ವ ಮಾತ್ರ ಮೈಟೊಕಾಂಡ್ರಿಯದ್ದೇ. ಪಂಪಿಗೆ ಕರೆಂಟ್ ಎಲ್ಲಿಂದ? ಊಟದಿಂದ ಕಿತ್ತ ಎಲೆಕ್ಟ್ರಾನ್‌ಗಳಿಂದ. ಅವು ಒಂದು ಪ್ರೋಟೀನಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತಾ ಕೊನೆಗೆ ಆಮ್ಲಜನಕಕ್ಕೆ ಹೋಗಿ ಸೇರುತ್ತವೆ. ನಾವು ಉಸಿರಾಡುವುದು ಮುಖ್ಯವಾಗಿ ಇದಕ್ಕೆ, ಎಲೆಕ್ಟ್ರಾನ್‌ಗಳನ್ನು ಕೊನೆಗೆ ಯಾರಾದರೂ ಇಸಕೊಳ್ಳಬೇಕಲ್ಲ.

ಒಳಪೊರೆಯ ಎರಡು ಬದಿಗಳ ನಡುವೆ ಸುಮಾರು 150 ಮಿಲಿವೋಲ್ಟ್ ವ್ಯತ್ಯಾಸ. ಟಾರ್ಚ್ ಸೆಲ್ಲಿನ ಹತ್ತನೇ ಒಂದು ಪಾಲು, ಏನೂ ಅಲ್ಲ ಅನ್ನಿಸುತ್ತದೆ. ಆದರೆ ಪೊರೆಯ ದಪ್ಪ ಬರೀ 5 ನ್ಯಾನೋಮೀಟರ್. ಮೀಟರಿನ ಲೆಕ್ಕಕ್ಕೆ ತಂದರೆ 3 ಕೋಟಿ ವೋಲ್ಟ್. ಮೇ ತಿಂಗಳ ಸಂಜೆ ಸಿಡಿಲು ಹೊಡೆಯುವಾಗ ಗಾಳಿ ತಡೆಯಲಾರದೆ ಸೀಳುವುದು ಇದರ ಹತ್ತರಲ್ಲಿ ಒಂದು ಪಾಲಿನ ಹತ್ತಿರದಲ್ಲೇ. ನಿಮ್ಮ ಹೆಬ್ಬೆರಳಿನ ಒಳಗೆ ಅಂಥ ಪೊರೆ ಎಷ್ಟಿದೆಯೋ.

ಪ್ರೋಟಾನ್ ಅಣೆಕಟ್ಟಿನ ಈ ವಿಚಾರವನ್ನು ಮೊದಲು ಹೇಳಿದ್ದು ಇಂಗ್ಲೆಂಡಿನ ಪೀಟರ್ ಮಿಚೆಲ್, 1961ರಲ್ಲಿ. ಬಹಳ ವರ್ಷ ಅನೇಕರು ಒಪ್ಪಲಿಲ್ಲ. ಆತ ಕಾರ್ನ್‌ವಾಲ್‌ನ ಒಂದು ಹಳೇ ದೊಡ್ಡ ಮನೆ ರಿಪೇರಿ ಮಾಡಿಸಿ ಅಲ್ಲೇ ಪ್ರಯೋಗಾಲಯ ಇಟ್ಟುಕೊಂಡ. 1978ರಲ್ಲಿ ನೊಬೆಲ್ ಬಂತು.

ಆ ಯಂತ್ರ ತಿರುಗುತ್ತೆ ಅನ್ನೋದು ಸುಮ್ನೆ ಹೋಲಿಕೆನಾ?

ಇಲ್ಲ, ನಿಜಕ್ಕೂ ತಿರುಗುತ್ತದೆ. ಪಾಲ್ ಬಾಯರ್ ಮೊದಲು ಊಹಿಸಿದರು. ಜಾನ್ ವಾಕರ್ ಅದರ ರಚನೆ ಬಿಡಿಸಿದರು. 1997ರಲ್ಲಿ ಜಪಾನಿನ ತಂಡವೊಂದು ಆ ಯಂತ್ರದ ಅಚ್ಚಿಗೆ ಹೊಳೆಯುವ ಒಂದು ಪ್ರೋಟೀನ್ ಎಳೆ ಕಟ್ಟಿ, ಎಟಿಪಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿತು. ಎಳೆ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಿತ್ತು. ಅದೇ ವರ್ಷ ಬಾಯರ್, ವಾಕರ್ ಇಬ್ಬರಿಗೂ ನೊಬೆಲ್. ಒಂದು ಸುತ್ತಿಗೆ ಮೂರು ಎಟಿಪಿ, ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು ಹೊಡೆಯಬಲ್ಲದು.

ಒಂದು ಗ್ಲೂಕೋಸಿಗೆ 36 ಎಟಿಪಿನೋ, 38ಓ, 32ಓ?

ಹಳೆಯ ಪುಸ್ತಕಗಳಲ್ಲಿ 36 ಅಥವಾ 38. ಈಗ ಒಪ್ಪುವ ಲೆಕ್ಕ ಸುಮಾರು 30ರಿಂದ 32. ಪೊರೆಯಲ್ಲಿ ಸ್ವಲ್ಪ ಸೋರಿಕೆ ಇದೆ, ಎಟಿಪಿಯನ್ನು ಹೊರಗೆ ಸಾಗಿಸಲೂ ಖರ್ಚಿದೆ. ನಿಮ್ಮ ಪಠ್ಯದಲ್ಲಿ ಏನಿದೆಯೋ ಅದನ್ನು ಬರೆಯಿರಿ, ಒಂದು ಅಂಕಕ್ಕೆ ಜಗಳ ಬೇಡ.

ಅಡಿಕೆ ಕೊಯ್ಯುವ ಕೊನೆಗಾರರು ಅಷ್ಟು ಮರ ಹೇಗೆ ಹತ್ತುತ್ತಾರೆ? ಅವರ ಮೈಯಲ್ಲಿ ಎಟಿಪಿ ಜಾಸ್ತಿ ಇರುತ್ತಾ?

ಇರುವುದಿಲ್ಲ. ಯಾರ ಮೈಯಲ್ಲಾದರೂ ಒಂದು ಹೊತ್ತಿನಲ್ಲಿ ಇರುವ ಎಟಿಪಿ 100 ಗ್ರಾಂ ಆಸುಪಾಸು. ಆದರೆ ದಿನಕ್ಕೆ ನಾವು ಮಾಡಿ ಮುರಿಯುವ ಎಟಿಪಿ ತೂಕ ಹಾಕಿದರೆ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟಾಗುತ್ತದೆ. ಅವೇ ಅಣುಗಳು ದಿನಕ್ಕೆ ನೂರಾರು ಸಲ ಮುರಿದು, ಕೂಡಿ, ಮುರಿಯುತ್ತವೆ.

ನಮ್ಮ ತೋಟಕ್ಕೆ ಬರುವ ಕೊನೆಗಾರರನ್ನು ಒಂದು ದಿನ ಕೆಳಗೆ ನಿಂತು ಗಮನಿಸಿದೆ. ಕಾಲಿಗೆ ತಳೆ ಹಾಕಿಕೊಂಡು, ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಮರ ಅಪ್ಪಿ ಹಿಡಿದು ಒಂದು ಜಿಗಿತ. ಈ ಮೊದಲ ಎರಡು ಮೂರು ಸೆಕೆಂಡಿಗೆ ಸ್ನಾಯುವಿನಲ್ಲಿ ಮೊದಲೇ ಇದ್ದ ಎಟಿಪಿ ಸಾಕು. ಆದರೆ ಅದು ಪೂರ್ತಿ ಮುಗಿಯಲು ಸ್ನಾಯು ಬಿಡುವುದಿಲ್ಲ. ಕೂಡಲೇ ಸ್ನಾಯುವಿನಲ್ಲೇ ಇರುವ ಕ್ರಿಯಾಟಿನ್ ಫಾಸ್ಫೇಟ್ ಅನ್ನುವ ಇನ್ನೊಂದು ಅಣು ತನ್ನ ಫಾಸ್ಫೇಟನ್ನು ಎಡಿಪಿಗೆ ಕೊಟ್ಟು ಎಟಿಪಿ ಮಾಡಿಕೊಡುತ್ತದೆ, ಸುಮಾರು 10 ಸೆಕೆಂಡ್ ನಡೆಯುತ್ತದೆ. ಲಿಂಗನಮಕ್ಕಿಗೂ ಟರ್ಬೈನಿಗೂ ನಡುವಿನ ತಳಕಳಲೆಯ ಹಾಗೆ, ಸಣ್ಣ ಕೆರೆ, ಆದರೆ ತಕ್ಷಣಕ್ಕೆ ಸಿಗುತ್ತದೆ. ಅವರು ಅರ್ಧ ಮರ ಏರುವಷ್ಟರಲ್ಲಿ ಗ್ಲೈಕೋಜನ್ ಒಡೆದು ಗ್ಲೈಕೋಲಿಸಿಸ್ ಓಡುತ್ತಿರುತ್ತದೆ. ಆಮ್ಲಜನಕ ಬೇಕಿಲ್ಲ, ಬೇಗ ಆಗುತ್ತದೆ, ಆದರೆ ಒಂದು ಗ್ಲೂಕೋಸಿಗೆ ಸಿಗುವುದು ಎರಡೋ ಮೂರೋ ಎಟಿಪಿ ಮಾತ್ರ. ತುದಿಗೆ ಹೋಗಿ ಕೊನೆ ಕೊಯ್ದು ಹಗ್ಗದಲ್ಲಿ ಇಳಿಬಿಟ್ಟು, ಮರ ಬಗ್ಗಿಸಿ ಪಕ್ಕದ ಮರಕ್ಕೆ ದಾಟುವ ಹೊತ್ತಿಗೆ ಉಸಿರು ಹೆಚ್ಚಿ ಮೈಟೊಕಾಂಡ್ರಿಯ ಲಯಕ್ಕೆ ಬಂದಿರುತ್ತದೆ. "ಮೊದಲ ಎರಡು ಮೂರು ಮರ ಕಷ್ಟ ಮೇಷ್ಟ್ರೇ, ಆಮೇಲೆ ಮೈ ಬಿಟ್ಟುಕೊಳ್ತದೆ" ಅಂದರು ಅವರು. ನಾನು ಎರಡು ತರಗತಿ ತೆಗೆದುಕೊಂಡು ಹೇಳುವುದನ್ನು ಒಂದು ಸಾಲಲ್ಲಿ ಮುಗಿಸಿದರು.

ಒಂದು ಸಣ್ಣ ಲೆಕ್ಕ. 60 ಕೆಜಿಯ ಮನುಷ್ಯ 15 ಮೀಟರ್ ಏರಲು ಬೇಕಾದ ಕೆಲಸ ಸುಮಾರು 8,800 ಜೂಲ್, ಅಂದರೆ 2 ಕಿಲೋ ಕ್ಯಾಲರಿ ಚಿಲ್ಲರೆ. ನಾವು ಉಂಡ ಶಕ್ತಿಯಲ್ಲಿ ಸ್ನಾಯು ಕೆಲಸಕ್ಕೆ ತಿರುಗಿಸುವುದು ನಾಲ್ಕರಲ್ಲೋ ಐದರಲ್ಲೋ ಒಂದು ಪಾಲು, ಉಳಿದದ್ದು ಬಿಸಿ. ಹಾಗಾಗಿ ಬೇಕಾದದ್ದು ಸುಮಾರು 10 ಕಿಲೋ ಕ್ಯಾಲರಿ. ಎರಡೂವರೆ ಗ್ರಾಂ ಬೆಲ್ಲ, ಅರ್ಧ ಚಮಚ! ಮೇಲೆ ಅಪ್ಪಿಕೊಂಡು ನಿಲ್ಲುವ, ಗಾಳಿಗೆ ತೂಗುವ ಮರದಲ್ಲಿ ಹೆದರದೆ ಕತ್ತಿ ಬೀಸುವ ಖರ್ಚು ಇದರಲ್ಲಿ ಸೇರಿಲ್ಲ. ಮಳೆಗಾಲದಲ್ಲಿ ಜಾರುವ ಮರ ಹತ್ತಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಖರ್ಚಂತೂ ಯಾವ ಸೂತ್ರಕ್ಕೂ ಸಿಗುವುದಿಲ್ಲ.

ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಅಲ್ವಾ?

ಅಲ್ಲ. ಗ್ಲೈಕೋಲಿಸಿಸ್ ಜೋರಾಗಿ ಓಡುವಾಗ ಸ್ನಾಯುವಿನಲ್ಲಿ ಸೇರುವ ಆಮ್ಲ ಅದು, ಗಂಟೆ ಎರಡು ಗಂಟೆಯಲ್ಲಿ ಅಲ್ಲಿಂದ ಹೊರಟುಹೋಗಿರುತ್ತದೆ. ಹೃದಯ ಅದನ್ನೇ ಉರುವಲು ಮಾಡಿಕೊಳ್ಳುತ್ತದೆ, ಯಕೃತ್ತು ಮತ್ತೆ ಗ್ಲೂಕೋಸ್ ಮಾಡುತ್ತದೆ. ಮರುದಿನದ ನೋವು, ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನಿಂದ ಬರುವುದು.

ಕೊಬ್ಬೇ ಯಾಕೆ? ಎಲ್ಲವನ್ನೂ ಪಿಷ್ಟವಾಗಿ ಇಟ್ಟುಕೊಳ್ಳಬಹುದಿತ್ತಲ್ಲ?

ಆಲೂಗಡ್ಡೆ ಹಾಗೆ ಇಟ್ಟುಕೊಳ್ಳುತ್ತದೆ, ಅದಕ್ಕೆ ಓಡಾಟವಿಲ್ಲ. ಕೊಬ್ಬಿನಲ್ಲಿ ಗ್ರಾಮಿಗೆ 9 ಕಿಲೋ ಕ್ಯಾಲರಿ, ಅದೂ ನೀರಿಲ್ಲದೆ. ನಮ್ಮ ಗ್ಲೈಕೋಜನ್ ಗ್ರಾಮಿಗೆ 4, ಜೊತೆಗೆ ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರು ಹಿಡಿದುಕೊಳ್ಳುತ್ತದೆ. 10 ಕೆಜಿ ಕೊಬ್ಬಿನ ಶಕ್ತಿಯನ್ನು ಗ್ಲೈಕೋಜನ್ನಾಗಿ ಹೊರಬೇಕೆಂದರೆ ನೀರೂ ಸೇರಿ 90 ಕೆಜಿ. ಆಗುಂಬೆ ಘಾಟಿ ಬೇಡ, ಮನೆ ಮೆಟ್ಟಿಲೂ ಹತ್ತಲಾಗದು.

ಕಳಲೆಯನ್ನು ಮೂರು ದಿನ ನೆನೆಸೋದಕ್ಕೂ ಎಟಿಪಿಗೂ ಸಂಬಂಧ ಇದೆಯಂತೆ, ಹೌದಾ?

ಹೌದು. ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಅನ್ನುವ ವಸ್ತು ಇದೆ. ಕತ್ತರಿಸಿದಾಗ ಅದರಿಂದ ಸಯನೈಡ್ ಹೊರಬರುತ್ತದೆ. ಸಯನೈಡ್ ಮಾಡುವ ಕೆಲಸ ಒಂದೇ. ಎಲೆಕ್ಟ್ರಾನ್‌ಗಳನ್ನು ಆಮ್ಲಜನಕಕ್ಕೆ ದಾಟಿಸುವ ಕಟ್ಟಕಡೆಯ ಕಿಣ್ವದ ಬಾಯಿ ಮುಚ್ಚುತ್ತದೆ. ಆಗ ಹಿಂದಿನ ಸಾಲೆಲ್ಲ ನಿಲ್ಲುತ್ತದೆ, ಪಂಪ್ ನಿಲ್ಲುತ್ತದೆ, ಟರ್ಬೈನ್ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಕೋಶಕ್ಕೆ ಉಪಯೋಗವಿಲ್ಲ.

ನಮ್ಮ ಅಜ್ಜಿ ಕಳಲೆಯನ್ನು ತೆಳ್ಳಗೆ ಹೆಚ್ಚಿ, ದಿನಾ ನೀರು ಚೆಲ್ಲಿ ಹೊಸ ನೀರು ಹಾಕಿ, ಮೂರನೇ ದಿನ ಬೇಯಿಸಿ ಪಲ್ಯ ಮಾಡುತ್ತಿದ್ದರು. ನೀರಿನ ವಾಸನೆ ನೋಡಿ "ಇನ್ನೊಂದು ದಿನ ಇರಲಿ" ಅನ್ನುತ್ತಿದ್ದರು. ಹೆಚ್ಚುವುದು, ನೆನೆಸುವುದು, ನೀರು ಬದಲಿಸುವುದು, ಬೇಯಿಸುವುದು, ನಾಲ್ಕೂ ಸಯನೈಡ್ ತೆಗೆಯುವ ಹೆಜ್ಜೆಗಳೇ. ಒಂದನ್ನೂ ಬಿಡಬೇಡಿ. ಮರಗೆಣಸಿನಲ್ಲೂ ಇದೇ ಜಾತಿಯ ವಿಷ ಇರುವುದರಿಂದ ಅದನ್ನೂ ಹಸಿಯಾಗಿ ತಿನ್ನಬಾರದು.

ಮಳೆಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲ್ಲ. ಯಾಕೆ?

ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಗಳಿಗೆ ಮೈಟೊಕಾಂಡ್ರಿಯ ಇಲ್ಲ, ಪಾತ್ರೆಯ ಒಳಗೆ ಆಮ್ಲಜನಕವೂ ಕಡಿಮೆ. ಅವು ಸಕ್ಕರೆಯನ್ನು ಅರ್ಧಂಬರ್ಧ ಒಡೆದು ಒಂದೋ ಎರಡೋ ಎಟಿಪಿ ಮಾಡಿಕೊಂಡು, ಉಳಿದದ್ದನ್ನು ಲ್ಯಾಕ್ಟಿಕ್ ಆಮ್ಲವಾಗಿ ಹೊರಗೆ ಚೆಲ್ಲುತ್ತವೆ. ನಮ್ಮ ಹುಳಿ ಅವುಗಳ ಕಸ. ಅದರಲ್ಲಿ ಇನ್ನೂ ಬೇಕಾದಷ್ಟು ಶಕ್ತಿ ಇದೆ, ದೋಸೆ ತಿಂದ ಮೇಲೆ ನಾವು ಅದನ್ನೂ ಉರಿಸುತ್ತೇವೆ. ಥಂಡಿಯಲ್ಲಿ ಅವುಗಳ ಕಿಣ್ವಗಳು ನಿಧಾನ. ಅದಕ್ಕೇ ಆಷಾಢದಲ್ಲಿ ಹಿಟ್ಟಿನ ಪಾತ್ರೆ ಬಚ್ಚಲ ಒಲೆಯ ಪಕ್ಕಕ್ಕೆ ಹೋಗುತ್ತದೆ.

ಮೊಳಕೆಗೆ ಕಟ್ಟಿದ ಭತ್ತದ ಚೀಲ ಬಿಸಿಯಾಗೋದು ಯಾಕೆ? ಗಿಡಕ್ಕೂ ಮೈಟೊಕಾಂಡ್ರಿಯ ಇದೆಯಾ?

ಇದೆ. ಎಲೆಯ ಹರಿತ್ತು ಬಿಸಿಲಲ್ಲಿ ಎಟಿಪಿ ಮಾಡಿದರೂ ಅದನ್ನು ಅಲ್ಲೇ ಸಕ್ಕರೆ ಕಟ್ಟಲು ಬಳಸುತ್ತದೆ. ಬೇರಿಗೆ, ರಾತ್ರಿಗೆ, ಬೀಜಕ್ಕೆ ಮೈಟೊಕಾಂಡ್ರಿಯವೇ ಗತಿ. ನೆನೆಸಿ ಚೀಲದಲ್ಲಿ ಕಟ್ಟಿ ಭಾರ ಹೇರಿದ ಭತ್ತದೊಳಗೆ ಮರುದಿನ ಕೈ ತೂರಿಸಿ ನೋಡಿ, ಬೆಚ್ಚಗಿರುತ್ತದೆ. ಪಿಷ್ಟ ಒಡೆದು ಎಟಿಪಿ ಮಾಡುವಾಗ ಹೆಚ್ಚುಕಡಿಮೆ ಅರ್ಧ ಪಾಲು ಬಿಸಿಯಾಗಿ ಹೋಗುತ್ತದೆ, ಲಕ್ಷಾಂತರ ಕಾಳಿನ ಬಿಸಿ ಒಂದೇ ಕಡೆ ಸೇರಿರುತ್ತದೆ. ಜಾಸ್ತಿ ಬಿಸಿಯಾದರೆ ಮೊಳಕೆ ಬೆಂದುಹೋಗುತ್ತದೆ. ರೈತರು ಚೀಲಕ್ಕೆ ನಡುನಡುವೆ ನೀರು ಚಿಮುಕಿಸುವುದು ಅದಕ್ಕೇ.

ಬಾಣಂತಿ ಮನೆಯಲ್ಲಿ ಕೂಸಿನ ಬೆನ್ನು ಮುಟ್ಟಿದರೆ ಬೆಚ್ಚಗಿರುವುದಕ್ಕೂ ಹೀಗೊಂದು ಕಾರಣವಿದೆ. ಹಸುಗೂಸಿಗೆ ನಡುಗಿ ಬಿಸಿ ಮಾಡಿಕೊಳ್ಳಲು ಸರಿಯಾಗಿ ಬಾರದು. ಅದರ ಭುಜದ ಹಿಂದೆ ಕಂದು ಕೊಬ್ಬು ಇರುತ್ತದೆ. ಅಲ್ಲಿನ ಮೈಟೊಕಾಂಡ್ರಿಯದಲ್ಲಿ ಪ್ರೋಟಾನ್‌ಗಳು ಟರ್ಬೈನನ್ನು ಬಿಟ್ಟು ಬೇರೆ ತೂಬಿನಿಂದ ಒಳಗೆ ಬರುತ್ತವೆ. ಎಟಿಪಿ ಇಲ್ಲ, ಬರೀ ಬಿಸಿ. ಗೇಟು ತೆಗೆದಾಗ ಜೋಗದಲ್ಲಿ ಭೋರ್ಗರೆಯುವ ನೀರಿನಿಂದ ಕರೆಂಟ್ ಬರುವುದಿಲ್ಲವಲ್ಲ, ಹಾಗೆ.

ಬಿ-ಕಾಂಪ್ಲೆಕ್ಸ್ ಮಾತ್ರೆ ತಗೊಂಡ್ರೆ ಶಕ್ತಿ ಬರುತ್ತಾ?

ಮಾತ್ರೆಯಲ್ಲಿ ಶಕ್ತಿ ಇಲ್ಲ. ಶಕ್ತಿ ತೆಗೆಯುವ ಕಿಣ್ವಗಳ ಜೊತೆಗಾರರು ಈ ಬಿ ಜೀವಸತ್ವಗಳು. ಕೊರತೆ ಇದ್ದವರಿಗೆ ಉಪಯೋಗ, ಇಲ್ಲದವರಿಗೆ ಮೂತ್ರ ಹಳದಿಯಾಗುತ್ತದೆ ಅಷ್ಟೇ. ನಮ್ಮ ಕುಚ್ಚಲಕ್ಕಿಯಲ್ಲಿ, ಭತ್ತ ಬೇಯಿಸುವಾಗ ತೌಡಿನ ಬಿ1 ಕಾಳಿನೊಳಗೆ ಇಳಿದು ಉಳಿದುಕೊಳ್ಳುತ್ತದೆ.

ಮಿಂಚುಹುಳುವಿನ ಬೆಳಕೂ ಎಟಿಪಿಯಿಂದಲೇನಾ?

ಎಟಿಪಿ ಇಲ್ಲದೆ ಆಗದು. ಲ್ಯೂಸಿಫೆರಿನ್ ಅನ್ನುವ ವಸ್ತುವನ್ನು ಎಟಿಪಿ ಮೊದಲು ಸಿದ್ಧ ಮಾಡುತ್ತದೆ, ಆಮೇಲೆ ಆಮ್ಲಜನಕ ಸೇರಿ ಬೆಳಕು. ಇದನ್ನು 1947ರಲ್ಲಿ ತೋರಿಸಿದ್ದು ಅಮೆರಿಕದ ವಿಲಿಯಂ ಮೆಕೆಲ್ರಾಯ್. ಹುಳ ಹಿಡಿದು ತರಲು ಊರಿನ ಮಕ್ಕಳಿಗೆ ಕಾಸು ಕೊಡುತ್ತಿದ್ದರು. ಈಗ ಆಹಾರ ಕಾರ್ಖಾನೆಗಳಲ್ಲಿ ಮೇಜು ಶುದ್ಧವಾಗಿದೆಯೇ ಅಂತ ನೋಡಲು ಇದೇ ಉಪಾಯ ಬಳಸುತ್ತಾರೆ. ಮೇಜು ಒರೆಸಿದ ಹತ್ತಿಗೆ ಮಿಂಚುಹುಳುವಿನ ಕಿಣ್ವ ಹಾಕಿದಾಗ ಬೆಳಗಿದರೆ ಅಲ್ಲಿ ಎಟಿಪಿ ಇದೆ, ಅಂದರೆ ಜೀವಿಗಳೋ ಆಹಾರದ ಕೊಳೆಯೋ ಉಳಿದಿದೆ ಅಂತ ಲೆಕ್ಕ. ಮಳೆ ಹಿಡಿಯುವ ಮುಂಚಿನ ರಾತ್ರಿಗಳಲ್ಲಿ ನಮ್ಮ ಕಾಡಂಚಿನ ಮರಗಳು ಪೂರ್ತಿ ಮಿನುಗುವುದನ್ನು ನೋಡಬೇಕಾದರೆ ಟಾರ್ಚ್ ಆರಿಸಿ ನಿಲ್ಲಿ.

ಸತ್ತ ಮೇಲೆ ಮೈ ಸೆಟೆಯೋದು ಶಕ್ತಿ ಇಲ್ಲದೆ ತಾನೆ? ಹಾಗಾದ್ರೆ ಮೆತ್ತಗಾಗಬೇಕಿತ್ತಲ್ಲ?

ಒಳ್ಳೆಯ ಪ್ರಶ್ನೆ. ಸ್ನಾಯುವಿನ ಎರಡು ಬಗೆಯ ಎಳೆಗಳು ಒಂದನ್ನೊಂದು ಹಿಡಿದು ಎಳೆಯುತ್ತವೆ. ಹಿಡಿದ ಕೈಯನ್ನು ಬಿಡಿಸಲು ಎಟಿಪಿ ಬೇಕು. ಎಟಿಪಿ ಮುಗಿದರೆ ಹಿಡಿತ ಹಾಗೇ ಉಳಿಯುತ್ತದೆ. ಮೊದಲ ಮಳೆಗೆ ಗದ್ದೆಗೆ ಹತ್ತಿ ಬಂದ ಮೀನನ್ನು ರಾತ್ರಿ ಹಿಡಿದು ತಂದರೆ ಬೆಳಗ್ಗೆ ಕೋಲಿನ ಹಾಗೆ ಸೆಟೆದಿರುತ್ತದೆ. ಇನ್ನೂ ಹೊತ್ತು ಹೋದರೆ ಎಳೆಗಳೇ ಕರಗತೊಡಗಿ ಮೆತ್ತಗಾಗುತ್ತದೆ.

ಎಟಿಪಿ ಕಂಡುಹಿಡಿದವರು ಯಾರು?

1929ರಲ್ಲಿ ಜರ್ಮನಿಯ ಕಾರ್ಲ್ ಲೋಹ್ಮನ್. ಅದೇ ಹೊತ್ತಿಗೆ, ಬೇರೆಯಾಗಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಮತ್ತು ಯಲ್ಲಾಪ್ರಗಡ ಸುಬ್ಬರಾವ್. ಸುಬ್ಬರಾವ್ ಆಂಧ್ರದ ಭೀಮಾವರಂನವರು, 1895ರಲ್ಲಿ ಹುಟ್ಟಿದವರು. ಕ್ರಿಯಾಟಿನ್ ಫಾಸ್ಫೇಟನ್ನೂ 1927ರಲ್ಲಿ ಇವರಿಬ್ಬರೇ ವರದಿ ಮಾಡಿದ್ದರು. ನೊಬೆಲ್ ಬರಲಿಲ್ಲ. ಎಟಿಪಿಯೇ ಕೋಶದ ಶಕ್ತಿ ಸಾಗಿಸುವ ಅಣು ಅಂತ 1941ರಲ್ಲಿ ಬಿಡಿಸಿ ಹೇಳಿದ ಫ್ರಿಟ್ಜ್ ಲಿಪ್‌ಮನ್ ಅವರಿಗೆ, ಬೇರೊಂದು ಶೋಧಕ್ಕಾಗಿ, 1953ರಲ್ಲಿ ಕ್ರೆಬ್ಸ್ ಜೊತೆ ಬಂತು. ನಮ್ಮ ಮಕ್ಕಳಿಗೆ ಸುಬ್ಬರಾವ್ ಹೆಸರು ಹೇಳಿದರೆ ಅರ್ಧ ತರಗತಿ ಮುಖ ಮುಖ ನೋಡುತ್ತದೆ. ನನಗೆ ಪ್ರತಿ ವರ್ಷ ಬೇಜಾರಾಗುವ ಜಾಗ ಇದು.

ಕಾಫಿ ಕುಡಿದ್ರೆ ಶಕ್ತಿ ಬರುತ್ತಲ್ಲ, ಅದೂ ಎಟಿಪಿನಾ?

ಬರಿ ಕಾಫಿಯಲ್ಲಿ ಹೇಳಿಕೊಳ್ಳುವಂಥ ಕ್ಯಾಲರಿ ಇಲ್ಲ. ಆದರೆ ಎಟಿಪಿಗೆ ಸಂಬಂಧ ಇದೆ. ಎಟಿಪಿಯ ಫಾಸ್ಫೇಟ್‌ಗಳೆಲ್ಲ ಕಳಚಿದರೆ ಉಳಿಯುವುದು ಅದರ ತಲೆ, ಅಡೆನೋಸಿನ್. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅದು ನಿಧಾನಕ್ಕೆ ಸೇರುತ್ತಾ, ಅಲ್ಲಿನ ಕೊಂಡಿಗಳಿಗೆ ಸಿಕ್ಕಿಕೊಂಡು "ಸಾಕು, ಮಲಗು" ಅನ್ನುತ್ತದೆ. ಕೆಫೀನ್ ನೋಡಲು ಸ್ವಲ್ಪ ಹಾಗೇ ಇದ್ದು ಆ ಕೊಂಡಿಗಳಲ್ಲಿ ಮೊದಲೇ ಹೋಗಿ ಕೂರುತ್ತದೆ. ಸುಸ್ತು ಹೋಗಲಿಲ್ಲ, ಸುಸ್ತಿನ ಸುದ್ದಿ ಮುಟ್ಟಲಿಲ್ಲ. ಬೆಲ್ಲದ ಕಾಫಿಯಾದರೆ ಒಂದು ಲೋಟಕ್ಕೆ ನಾಲ್ಕೈದು ಅಡಿಕೆ ಮರ ಹತ್ತುವಷ್ಟಂತೂ ಸಿಗುತ್ತದೆ, ಲೆಕ್ಕ ಮೇಲಿದೆ.